ಒಂದು ಬೆಡ್‌ರೂಮಿನ ಮನೆ, 840 ಕಿಲೋಮೀಟರ್ ದಾರಿ: ಕಡಿಮೆ ಖರ್ಚಿನಲ್ಲಿ ಊರು ಬದಲಿಸುವ ಸಮಗ್ರ ಮಾರ್ಗದರ್ಶಿ

ಬೇರೆ ಊರಿಗೆ ಮನೆ ಸಾಗಿಸಬೇಕು ಎಂದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಫೋನ್ ಮಾಡುವುದು. ಅದು ನಾಲ್ಕನೆಯದೋ ಐದನೆಯದೋ ಕೆಲಸವಾಗಬೇಕು. ಸಾಮಾನು ಎಷ್ಟು, ದಿನ ಯಾವುದು, ಸಾಗಣೆಯ ಬಗೆ ಯಾವುದು ಎಂಬುದು ನಿಮಗೇ ಗೊತ್ತಿಲ್ಲದೆ ಫೋನ್ ಎತ್ತಿದರೆ ಆ ಮೂರನ್ನೂ ಅತ್ತ ಕಡೆಯವನೇ ನಿರ್ಧರಿಸುತ್ತಾನೆ, ತನಗೆ ಒಗ್ಗುವಂತೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಬೆಂಗಳೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಿಂದ ಪುಣೆಗೆ ಹೊರಟ ಇಬ್ಬರ ಸಂಸಾರವನ್ನು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರ ದಾಟಿದರೆ ಪುಣೆ. ದೂರ ಸುಮಾರು 840 ಕಿ.ಮೀ. ಹೈದರಾಬಾದಿಗೆ ಹೋಗುವವರಿಗೂ, ಮುಂಬೈ ಬಿಟ್ಟು ಮೈಸೂರಿಗೆ ಮರಳುವವರಿಗೂ ಲೆಕ್ಕ ಹಾಕುವ ರೀತಿ ಇದೇ.

ಆ ಲೆಕ್ಕದ ಬುನಾದಿ ಒಂದೇ ಮಾತು: ಲಾರಿಗೆ ನೀವು ಹಣ ಕೊಡುವುದು ಸಾಮಾನು ಹಿಡಿಯುವ ಜಾಗಕ್ಕೆ, ರೈಲಿಗೂ ಅಂಚೆಗೂ ಕೊಡುವುದು ತೂಕಕ್ಕೆ. ಇದು ತಲೆಯಲ್ಲಿ ಕೂತರೆ ಯಾವುದನ್ನು ಒಯ್ಯಬೇಕು, ಯಾವುದನ್ನು ಮಾರಬೇಕು ಎಂಬ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಹಂತ 1: ದಿನ ಗೊತ್ತುಮಾಡಿ, ಮನೆ ಮಾಲೀಕರಿಗೆ ಬರೆದು ತಿಳಿಸಿ

ಬಾಡಿಗೆ ಕರಾರು ಪತ್ರವನ್ನು ಹುಡುಕಿ ತೆಗೆದು ಮೊದಲು ಮೂರು ವಿಷಯ ನೋಡಿ: ಎಷ್ಟು ದಿನ ಮುಂಚೆ ತಿಳಿಸಬೇಕು, ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ, ಅಡ್ವಾನ್ಸ್ ಯಾವಾಗ ಮರಳಿಸುತ್ತಾರೆ. ಒಂದು ಅಥವಾ ಎರಡು ತಿಂಗಳ ಮುನ್ಸೂಚನೆ ಕೇಳುವ ಕರಾರುಗಳೇ ಹೆಚ್ಚು. ನಾಲ್ಕು ದಿನ ತಡವಾಗಿ ತಿಳಿಸಿ ಒಂದು ತಿಂಗಳ ಬಾಡಿಗೆ ಕಳೆದುಕೊಂಡರೆ, ಮುಂದೆ ಲಾರಿಯವನೊಡನೆ ಎಷ್ಟು ಚೌಕಾಸಿ ಮಾಡಿದರೂ ಆ ಹಣ ತುಂಬಿ ಬರುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದನ್ನು ವಾಟ್ಸ್‌ಆ್ಯಪಿನಲ್ಲೋ ಇಮೇಲಿನಲ್ಲೋ ಮತ್ತೆ ಬರೆದು ಕಳಿಸಿ. ಮಾಲೀಕರು ಎಷ್ಟೇ ಒಳ್ಳೆಯವರಿರಲಿ, ತಾರೀಖು ಬರಹದಲ್ಲಿರಲಿ.

ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಿನ ರೂಢಿ. ಕರಾರಿನಲ್ಲಿ ಹಾಗೆ ಬರೆದಿದ್ದರೆ ವಾದಕ್ಕೆ ಅರ್ಥವಿಲ್ಲ. ಆದರೆ ಬಣ್ಣದ ಹಣವನ್ನೂ ಹಿಡಿದುಕೊಂಡು, ಗೋಡೆಯ ಮೊಳೆ ತೂತಿಗೆ ಬೇರೆ, ಕಲೆಗೆ ಬೇರೆ ಎಂದು ಕತ್ತರಿಸಲು ಬಂದರೆ ಒಪ್ಪಬೇಡಿ. ಆ ತೂತು, ಕಲೆಗಳಿಗೇ ಅಲ್ಲವೇ ಬಣ್ಣ? ಬಿಡುವ ದಿನ ಪ್ರತಿ ಕೋಣೆ, ನಲ್ಲಿ, ಸ್ವಿಚ್ಚುಗಳ ವಿಡಿಯೊ ಮಾಡಿಟ್ಟುಕೊಳ್ಳಿ. ಬೆಸ್ಕಾಂ ಮೀಟರಿನ ಅಂಕಿಯ ಫೋಟೊ ತೆಗೆದುಕೊಳ್ಳಿ.

ಇನ್ನು ತಾರೀಖು. ಬಾಡಿಗೆ ಲೆಕ್ಕವೆಲ್ಲ ತಿಂಗಳಿಗೆ ಜೋತುಬಿದ್ದಿರುವುದರಿಂದ ಇಡೀ ಊರು ತಿಂಗಳ ಕೊನೆಯ ಮೂರು ದಿನ ಮತ್ತು ಮೊದಲ ಎರಡು ದಿನಗಳಲ್ಲೇ ಮನೆ ಬದಲಿಸುತ್ತದೆ. ಅದರಲ್ಲೂ ಶನಿವಾರ, ಭಾನುವಾರ. ಆಗ ದರ ಏರುತ್ತದೆ, ಕೆಲಸಗಾರರು ಅವಸರದಲ್ಲಿರುತ್ತಾರೆ, ಒಡೆಯುವುದೂ ಆಗಲೇ. ತಿಂಗಳ ನಡುವಿನ ಮಂಗಳವಾರ ಅಥವಾ ಬುಧವಾರ ಸಿಕ್ಕರೆ ಬಿಡಬೇಡಿ. ವರ್ಷದಲ್ಲಿ ನೋಡಿದರೆ ಶಾಲೆ ಆರಂಭವಾಗುವ ಮೇ-ಜೂನ್ ದುಬಾರಿ. ಅಗ್ಗದ ಕಾಲವೆಂದರೆ ಆಷಾಢ. ಆಷಾಢದಲ್ಲಿ ಮನೆ ಬದಲಿಸಬಾರದು ಎಂಬ ನಂಬಿಕೆಯಿಂದ ಬೆಂಗಳೂರಿನಲ್ಲಿ ಬೇಡಿಕೆ ಇಳಿದಿರುತ್ತದೆ, ದರದಲ್ಲಿ ಮಾತಾಡುವ ಅವಕಾಶ ಇರುತ್ತದೆ. ಆದರೆ ಆಷಾಢ ಮಳೆಗಾಲವೂ ಹೌದು. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಪ್ರವಾಹದಿಂದಾಗಿ ಕೊಲ್ಹಾಪುರದ ಬಳಿ ಇದೇ ಹೆದ್ದಾರಿ ಬಂದ್ ಆಗಿ ಲಾರಿಗಳು ದಿನಗಟ್ಟಲೆ ನಿಂತಿದ್ದವು. ಹಾಗಾಗಿ ಮಳೆಗಾಲದಲ್ಲಿ ಹೊರಡುವುದಾದರೆ ಟಾರ್ಪಾಲಿನ ತೆರೆದ ಲಾರಿ ಬೇಡ, ಮುಚ್ಚಿದ ಕಂಟೇನರ್ ಗಾಡಿಯೇ ಇರಲಿ.

ಮನೆಯ ಹಿರಿಯರಿಗೆ ಮುಹೂರ್ತ ಮುಖ್ಯವಾದರೆ ಅದಕ್ಕೂ ದಾರಿ ಇದೆ. ಹಾಲು ಉಕ್ಕಿಸುವುದಕ್ಕೆ ಬೇಕಾದದ್ದು ಒಂದು ಪಾತ್ರೆ, ಒಂದು ಒಲೆ. ಹೊಸ ಮನೆಯ ಕೀಲಿ ಕೈಗೆ ಬಂದ ಮೇಲೆ ಒಳ್ಳೆಯ ದಿನ ನೋಡಿ ಅದನ್ನು ಮುಗಿಸಿಬಿಡಿ. ಲಾರಿ ಅಗ್ಗದ ದಿನ ಬರಲಿ.

ಹಂತ 2: ಟೇಪು ಹಿಡಿದು ಅಳೆಯಿರಿ

ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ. ಈ ಹಂತವನ್ನು ಯಾರೂ ಮಾಡುವುದಿಲ್ಲ; ದುಡ್ಡು ಉಳಿಯುವುದು ಮಾತ್ರ ಇಲ್ಲೇ.

ಪ್ರತಿ ದೊಡ್ಡ ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಅಡಿಗಳಲ್ಲಿ ಅಳೆದು ಗುಣಿಸಿ. ಬರುವುದು ಘನ ಅಡಿ. ಮಂಚವನ್ನು ಬಿಚ್ಚಿದ ಮೇಲೆ ಎಷ್ಟಾಗುತ್ತದೋ ಅಷ್ಟೇ ಲೆಕ್ಕ. ಪಾತ್ರೆ, ಬಟ್ಟೆ, ಪುಸ್ತಕಗಳಿಗೆ ಎಷ್ಟು ರಟ್ಟಿನ ಪೆಟ್ಟಿಗೆ ಬೇಕಾಗಬಹುದು ಎಂದು ಅಂದಾಜಿಸಿ, ಪೆಟ್ಟಿಗೆಗೆ 3 ಘನ ಅಡಿಯಂತೆ ಸೇರಿಸಿ. ಒಂದು ಬೆಡ್‌ರೂಮಿನ ಮನೆಯ ಸಾಮಾನು ಸಾಮಾನ್ಯವಾಗಿ 200ರಿಂದ 300 ಘನ ಅಡಿಯೊಳಗೆ ಬರುತ್ತದೆ.

ಈಗ ಗಾಡಿಗಳ ಲೆಕ್ಕ. ಟಾಟಾ ಏಸ್, ಅಂದರೆ ಜನ ಛೋಟಾ ಹಾಥಿ ಎನ್ನುವ ಗಾಡಿಯ ಹಿಂಭಾಗ ಸುಮಾರು 7 ಅಡಿ ಉದ್ದ. ಎತ್ತರಕ್ಕೆ ಜೋಡಿಸಿದರೂ 150–170 ಘನ ಅಡಿಗಿಂತ ಹೆಚ್ಚು ಹಿಡಿಯುವುದಿಲ್ಲ. 8–9 ಅಡಿಯ ಪಿಕಪ್ 250ರ ಆಸುಪಾಸು. 14 ಅಡಿಯ ಗಾಡಿಗೆ 6 ಅಡಿ ಅಗಲ, 6 ಅಡಿ ಎತ್ತರ ಹಿಡಿದರೆ 504 ಘನ ಅಡಿ. ಅಂದರೆ 270 ಘನ ಅಡಿ ಸಾಮಾನು ಇರುವವರು 14 ಅಡಿಯ ಗಾಡಿ ಹಿಡಿದು ಅರ್ಧ ಗಾಡಿ ಗಾಳಿಯನ್ನು ಪುಣೆಗೆ ಒಯ್ಯುತ್ತಾರೆ. 30 ಘನ ಅಡಿ ಕಡಿಮೆ ಮಾಡಿಕೊಂಡರೆ ಪಿಕಪ್ ಸಾಕು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಇಡೀ ಗಾಡಿ ಬಾಡಿಗೆಗೆ ಹಿಡಿದಾಗ ದರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಎರಡು ಕುರ್ಚಿ ಬಿಟ್ಟುಹೋದ ಮಾತ್ರಕ್ಕೆ ಒಂದು ರೂಪಾಯಿಯೂ ಉಳಿಯದು, ಒಂದು ಅಳತೆ ಕೆಳಗಿನ ಗಾಡಿಗೆ ಇಳಿದಾಗ ಮಾತ್ರ ಉಳಿತಾಯ. ಪಾರ್ಟ್ ಲೋಡಿನಲ್ಲಿ, ಅಂದರೆ ನಾಲ್ಕಾರು ಮನೆಗಳ ಸಾಮಾನು ಒಂದೇ ಲಾರಿಯಲ್ಲಿ ಹೋಗುವಾಗ, ಬಿಟ್ಟ ಪ್ರತಿ ಕುರ್ಚಿಗೂ ಬೆಲೆ ಇದೆ. ಆದ್ದರಿಂದ ಅಳೆದ ಕೂಡಲೇ ಗುರಿಯನ್ನು ಬರೆದುಕೊಳ್ಳಿ: ಪಿಕಪ್ಪಿಗೆ ಇಳಿಸಬೇಕೋ, ಪಾರ್ಟ್ ಲೋಡಿಗೆ ಹೋಗಬೇಕೋ.

ಹಂತ 3: ಯಾವುದು ಲಾರಿ ಹತ್ತಬೇಕು, ಯಾವುದು ಬೇಡ

ಲೆಕ್ಕಕ್ಕೆ ಒಂದು ಅಂಕಿ ಇಟ್ಟುಕೊಳ್ಳೋಣ. 300 ಘನ ಅಡಿಗೆ ಕಟ್ಟುವುದು, ಏರಿಸುವುದು, ಇಳಿಸುವುದು ಎಲ್ಲ ಸೇರಿ 24,000 ರೂಪಾಯಿ ಎಂದರು ಎಂದುಕೊಳ್ಳಿ. ಘನ ಅಡಿಗೆ 80 ರೂಪಾಯಿ ಆಯಿತು. ನಿಮಗೆ ಸಿಗುವ ದರ ಬೇರೆಯಿದ್ದರೆ 80ರ ಜಾಗದಲ್ಲಿ ಅದನ್ನು ಹಾಕಿ.

ಮೂರು ಜನ ಕೂರುವ ಸೋಫಾ 6×3×3, ಅಂದರೆ 54 ಘನ ಅಡಿ. ಅದನ್ನು ಪುಣೆಗೆ ಮುಟ್ಟಿಸಲು 4,320 ರೂಪಾಯಿ. ಬಿಚ್ಚಲಾಗದ ಪ್ಲೈವುಡ್ ವಾರ್ಡ್‌ರೋಬ್ 3×2×6 ಇದ್ದರೆ 36 ಘನ ಅಡಿ, 2,880 ರೂಪಾಯಿ. ಫ್ರಿಜ್ ಸುಮಾರು 18 ಘನ ಅಡಿ, 1,440. ವಾಷಿಂಗ್ ಮಷಿನ್ 12 ಘನ ಅಡಿ, 960. ಅರ್ಧ ಅಡಿ ದಪ್ಪದ, 6×5 ಹಾಸಿಗೆ 15 ಘನ ಅಡಿ, 1,200. ಒಂದೂವರೆ ಅಡಿ ಚೌಕದ, ಒಂದು ಅಡಿ ಎತ್ತರದ ಪುಸ್ತಕದ ಪೆಟ್ಟಿಗೆ 2.25 ಘನ ಅಡಿ, 180.

ಈಗ ಪ್ರತಿ ವಸ್ತುವಿನ ಎದುರು ಎರಡು ಅಂಕಿ ಬರೆಯಿರಿ: ಇಲ್ಲಿ ಮಾರಿದರೆ ಎಷ್ಟು ಬರುತ್ತದೆ, ಅಲ್ಲಿ ಅದೇ ಸ್ಥಿತಿಯ ಹಳೆಯದನ್ನು ಕೊಳ್ಳಲು ಎಷ್ಟು ಬೇಕು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದು ಉಳಿಯುವುದು ಸಾಗಣೆ ವೆಚ್ಚಕ್ಕಿಂತ ಕಡಿಮೆ ಇದ್ದರೆ ಮಾರಿ. ಸೋಫಾ, ವಾರ್ಡ್‌ರೋಬ್‌ಗಳು ಈ ಪರೀಕ್ಷೆಯಲ್ಲಿ ಸೋಲುವುದೇ ಹೆಚ್ಚು. ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳ ಪೀಠೋಪಕರಣ ಒಮ್ಮೆ ಬಿಚ್ಚಿ ಜೋಡಿಸಿದ ಮೇಲೆ ಮೊದಲಿನ ಬಿಗಿಯಲ್ಲಿ ನಿಲ್ಲುವುದೂ ಇಲ್ಲ. ಫ್ರಿಜ್, ವಾಷಿಂಗ್ ಮಷಿನ್ ಗೆಲ್ಲುತ್ತವೆ. ಸ್ಪ್ಲಿಟ್ ಎ.ಸಿ.ಯನ್ನು ಬಿಚ್ಚುವ ಕೂಲಿ, ಅಲ್ಲಿ ಹಾಕುವ ಕೂಲಿ, ಹೆಚ್ಚುವರಿ ತಾಮ್ರದ ಕೊಳವೆ, ಬೇಕಾದರೆ ಗ್ಯಾಸ್ ಎಲ್ಲ ಕೂಡಿಸಿ ನೋಡಿ. ಐದಾರು ವರ್ಷ ಹಳೆಯದಾದರೆ ಮಾರುವುದೇ ಲೇಸು.

ಪುಸ್ತಕ ಭಾರ, ಅವನ್ನು ಅಂಚೆಯಲ್ಲಿ ಕಳಿಸಿ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಲೆಕ್ಕ ಮಾಡಿ ನೋಡಿ. ಅಂಚೆ ಇಲಾಖೆ 2025ರ ಮೇ 1ರಿಂದ ಆರಂಭಿಸಿದ ಜ್ಞಾನ ಪೋಸ್ಟ್‌ನಲ್ಲಿ 5 ಕೆ.ಜಿ. ಪುಸ್ತಕಕ್ಕೆ 100 ರೂಪಾಯಿ, ಮೇಲೆ ತೆರಿಗೆ. ಅದು ನಿಜಕ್ಕೂ ಅಗ್ಗದ ಸೇವೆ. ಆದರೂ 25 ಕೆ.ಜಿ.ಯ ಪೆಟ್ಟಿಗೆಗೆ 500 ರೂಪಾಯಿ ದಾಟುತ್ತದೆ. ಲಾರಿಯಲ್ಲಿ ಅದೇ ಪೆಟ್ಟಿಗೆ ಹಿಡಿಯುವ ಜಾಗದ ಬೆಲೆ 180. ಲಾರಿ ಹೇಗೂ ಹೋಗುತ್ತಿದ್ದರೆ ಪುಸ್ತಕ ಲಾರಿಯಲ್ಲೇ ಹೋಗಲಿ. ಎರಡು ಸೂಟ್‌ಕೇಸ್ ಹಿಡಿದು ರೈಲು ಹತ್ತುವ ಒಂಟಿ ಜನರಿಗೆ ಜ್ಞಾನ ಪೋಸ್ಟ್ ಸರಿ. ರುಬ್ಬುವ ಕಲ್ಲು, ಕಬ್ಬಿಣದ ಬಾಣಲೆ, ಹಿತ್ತಾಳೆ ಪಾತ್ರೆಗಳಿಗೂ ಇದೇ ನ್ಯಾಯ: ಭಾರ ಹೆಚ್ಚು, ಜಾಗ ಕಡಿಮೆ, ಲಾರಿಗೆ ಹೇಳಿ ಮಾಡಿಸಿದವು. ಅಜ್ಜಿಯ ಕಾಲದ ಒರಳನ್ನು ಭಾರವೆಂದು ಗುಜರಿಗೆ ಹಾಕಿ ಪ್ಲಾಸ್ಟಿಕ್ ಬಕೆಟ್‌ಗಳನ್ನು ಪುಣೆಗೆ ಒಯ್ಯುವ ಸಂಸಾರಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮಾರಾಟಕ್ಕೆ ಕನಿಷ್ಠ ನಾಲ್ಕು ವಾರ ಬೇಕು. ಕೊನೆಯ ವಾರಕ್ಕೆ ಬಿಟ್ಟರೆ ಕೊಳ್ಳುವವರಿಗೆ ನಿಮ್ಮ ಅವಸರ ಗೊತ್ತಾಗಿಬಿಡುತ್ತದೆ. ಮೊದಲು ನಿಮ್ಮ ಮನೆಗೆ ಬರಲಿರುವ ಹೊಸ ಬಾಡಿಗೆದಾರರನ್ನೇ ಕೇಳಿ. ಗೀಸರ್, ಪರದೆ ಕಂಬಿ, ಇನ್ವರ್ಟರ್, ವಾರ್ಡ್‌ರೋಬ್‌ಗಳನ್ನು ಇದ್ದ ಜಾಗದಲ್ಲೇ ಬಿಟ್ಟು ಹಣ ಪಡೆಯಬಹುದು, ಬಿಚ್ಚುವ ಕೂಲಿಯೂ ಇಲ್ಲ. ಆಮೇಲೆ ಅಪಾರ್ಟ್‌ಮೆಂಟಿನ ಗುಂಪು, ಅದಾದ ಮೇಲೆ ಹಳೆ ಸಾಮಾನಿನ ಅಂಗಡಿ.

ಹಂತ 4: ಸಾಗಣೆಯ ದಾರಿ ಆರಿಸುವುದು

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಮಾರುವುದು ಮೂರು ಕೆಲಸಗಳ ಕಟ್ಟು: ಕಟ್ಟುವುದು, ಹಮಾಲಿ, ಲಾರಿ. ಮೂರನ್ನೂ ಬಿಡಿಸಿ ಕೊಂಡರೆ ಖರ್ಚು ಇಳಿಯುತ್ತದೆ, ಶ್ರಮ ಏರುತ್ತದೆ.

ಅತಿ ಅಗ್ಗದ್ದು ರಿಟರ್ನ್ ಲೋಡ್. ಪುಣೆಯಿಂದ ಸರಕು ತಂದ ಲಾರಿ ಬರಿಗೈಯಲ್ಲಿ ಮರಳುವ ಬದಲು ಕಡಿಮೆ ಬಾಡಿಗೆಗೆ ಒಪ್ಪಿಕೊಳ್ಳುತ್ತದೆ. ಯಶವಂತಪುರದ ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್, ಕಲಾಸಿಪಾಳ್ಯದ ಸಾಗಣೆ ಕಚೇರಿಗಳಲ್ಲಿ ಹೋಗಿ ವಿಚಾರಿಸಬೇಕು. ದಿನ ನಿಮ್ಮ ಕೈಯಲ್ಲಿರುವುದಿಲ್ಲ. ಎರಡು ಮೂರು ದಿನ ಆಚೀಚೆ ಆದೀತು. ಕಟ್ಟುವುದು, ಏರಿಸುವುದು ನಿಮ್ಮದೇ ಹೊಣೆ. ಗಾಡಿಗೆ ಅಂತರರಾಜ್ಯ ಪರ್ಮಿಟ್ ಇದೆಯೇ ಎಂಬುದನ್ನು ಕೇಳದೆ ಮುಂಗಡ ಕೊಡಬೇಡಿ.

ಪಾರ್ಟ್ ಲೋಡ್ ಎರಡನೆಯದು. 150–200 ಘನ ಅಡಿ ಇರುವವರಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಸಾಮಾನು ಗೋದಾಮಿನಲ್ಲಿ ಲಾರಿ ತುಂಬುವವರೆಗೆ ಕಾಯುತ್ತದೆ, ವಾರ ಹಿಡಿದರೂ ಆಶ್ಚರ್ಯವಿಲ್ಲ. ಕೇಳಲೇಬೇಕಾದ ಪ್ರಶ್ನೆ: "ದಾರಿಯಲ್ಲಿ ಎಷ್ಟು ಸಲ ಇಳಿಸಿ ಏರಿಸುತ್ತೀರಿ?" ದೂರ ಹೋದಂತೆ ಸಾಮಾನು ಒಡೆಯುವುದಿಲ್ಲ, ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟಿಸುವಾಗ ಒಡೆಯುತ್ತದೆ.

ದೊಡ್ಡ ಪೀಠೋಪಕರಣಗಳನ್ನೆಲ್ಲ ಮಾರಿ, ಉಳಿದದ್ದು ಹದಿನೈದು ಇಪ್ಪತ್ತು ಪೆಟ್ಟಿಗೆ ಮಾತ್ರ ಎನ್ನುವವರಿಗೆ ಮನೆ ಸಾಗಿಸುವವರೇ ಬೇಕಿಲ್ಲ. ವಿ.ಆರ್.ಎಲ್.ನಂಥ ಸಾಗಣೆ ಸಂಸ್ಥೆಗಳ ಪಾರ್ಸೆಲ್ ಶಾಖೆಗೆ ಪೆಟ್ಟಿಗೆಗಳನ್ನು ಒಯ್ದು ಕೊಟ್ಟು, ಪುಣೆಯ ಶಾಖೆಯಲ್ಲಿ ಬಿಡಿಸಿಕೊಳ್ಳಬಹುದು. 2021ರಲ್ಲಿ ಆರಂಭವಾದ ಕೆ.ಎಸ್.ಆರ್.ಟಿ.ಸಿ.ಯ ನಮ್ಮ ಕಾರ್ಗೋ ಕೌಂಟರಿನಲ್ಲೂ ಒಮ್ಮೆ ದರ ಕೇಳಿ.

ರೈಲನ್ನು ಜನ ಮರೆಯುತ್ತಾರೆ. ಸ್ಲೀಪರ್ ಟಿಕೆಟಿಗೆ ತಲಾ 40 ಕೆ.ಜಿ. ಸಾಮಾನು ಉಚಿತ; ಎ.ಸಿ. ಮೂರನೆಯ ದರ್ಜೆಗೂ 40, ಎರಡನೆಯ ದರ್ಜೆಯ ಎ.ಸಿ.ಗೆ 50. ಇಬ್ಬರು ಸ್ಲೀಪರಿನಲ್ಲಿ ಹೋದರೆ 80 ಕೆ.ಜಿ.! ಬಟ್ಟೆಯೆಲ್ಲ ಅದರಲ್ಲೇ ಮುಗಿಯಿತು. ಅದಕ್ಕೂ ಮೀರಿದ್ದನ್ನು ಲಗೇಜ್ ಕಚೇರಿಯಲ್ಲಿ ಹಣ ಕಟ್ಟಿ ಬ್ರೇಕ್ ವ್ಯಾನಿಗೆ, ಅಂದರೆ ಅದೇ ರೈಲಿನ ಸಾಮಾನಿನ ಬೋಗಿಗೆ, ಹಾಕಿಸಬಹುದು. ಹೊರಡುವ ದಿನದ ಗಡಿಬಿಡಿಯಲ್ಲಿ ಹೋಗದೆ, ಮುಂಚೆಯೇ ಹೋಗಿ ಆ ರೈಲಿಗೆ ಬುಕಿಂಗ್ ಇದೆಯೇ ಎಂದು ಕೇಳಿಕೊಂಡು ಬನ್ನಿ.

ಹಂತ 5: ದರ ಕೇಳುವುದು, ಬಲೆ ತಪ್ಪಿಸಿಕೊಳ್ಳುವುದು

ಈಗ ಫೋನ್ ಎತ್ತಿ. ಮೂರು ಕಡೆ ಕೇಳಿ, ಮೂವರಿಗೂ ಒಂದೇ ಪಟ್ಟಿ ಕೊಡಿ: ವಸ್ತು, ಅಳತೆ, ಎರಡೂ ಕಡೆಯ ಮಹಡಿ, ಲಿಫ್ಟ್ ಇದೆಯೇ, ಗಾಡಿ ಬಾಗಿಲವರೆಗೆ ಬರುತ್ತದೆಯೇ. ಮನೆಗೆ ಬಂದು ನೋಡಲಿ ಅಥವಾ ವಿಡಿಯೊದಲ್ಲಿ ನೋಡಲಿ. ನೋಡದೆ ಹೇಳಿದ ದರ ದರವಲ್ಲ. ದರ ಹೋಲಿಸಿ ಕೊಡುತ್ತೇವೆ ಎನ್ನುವ ಜಾಲತಾಣಗಳಲ್ಲಿ ನಂಬರ್ ಹಾಕಿದರೆ ವಾರಗಟ್ಟಲೆ ಫೋನ್ ನಿಲ್ಲುವುದಿಲ್ಲ, ಅದಕ್ಕೆ ಸಿದ್ಧರಿರಿ.

ಈ ವ್ಯವಹಾರದ ಹಳೆಯ ಮೋಸ ಒಂದೇ. ಎಲ್ಲರಿಗಿಂತ ತೀರಾ ಕಡಿಮೆ ಹೇಳುತ್ತಾರೆ, ಸಾಮಾನು ಲಾರಿಗೆ ಏರಿದ ಮೇಲೆ "ಪಟ್ಟಿಗಿಂತ ಹೆಚ್ಚಿದೆ, ಇನ್ನೊಂದು ಹತ್ತು ಸಾವಿರ ಕೊಡಿ" ಎನ್ನುತ್ತಾರೆ. ನಿಮ್ಮ ಸಂಸಾರ ಅವರ ಲಾರಿಯಲ್ಲಿದೆ, ನೀವು ಕೊಡುತ್ತೀರಿ. ಹೆಸರಾಂತ ಸಂಸ್ಥೆಯ ಹೆಸರಿಗೆ ಒಂದಕ್ಷರ ಸೇರಿಸಿಕೊಂಡು ನಡೆಸುವವರೂ ಇದ್ದಾರೆ. ಜಿ.ಎಸ್.ಟಿ. ಸಂಖ್ಯೆಯನ್ನು ಕೇಳಿ ಪಡೆದು ಸರ್ಕಾರದ ಜಿ.ಎಸ್.ಟಿ. ಜಾಲತಾಣದಲ್ಲಿ ಹುಡುಕಿ, ಹೆಸರು, ವಿಳಾಸ ಹೊಂದಿಕೆಯಾಗಬೇಕು. ಕಚೇರಿಗೆ ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು. ಮುಂಗಡ ಕಾಲು ಭಾಗಕ್ಕಿಂತ ಹೆಚ್ಚು ಬೇಡ, ಕೊನೆಯ ದೊಡ್ಡ ಪಾಲು ಸಾಮಾನು ಇಳಿದ ಮೇಲೆ.

ಬಿಲ್ ಬೇಡವೆಂದರೆ 18 ಪ್ರತಿಶತ ಜಿ.ಎಸ್.ಟಿ. ಬಿಡುತ್ತೇವೆ ಎನ್ನುತ್ತಾರೆ. ಬೇಡ ಎನ್ನಿ. ಬಿಲ್ ಇಲ್ಲದಿದ್ದರೆ ನಾಳೆ ಏನಾದರೂ ಒಡೆದಾಗ ನಿಮ್ಮ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ. ನಿಮ್ಮ ಕಚೇರಿ ವರ್ಗಾವಣೆ ಖರ್ಚು ಕೊಡುವುದಾದರೂ ಬಿಲ್ಲೇ ಬೇಕು. ದಾರಿಯಲ್ಲಿ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಸುಂಕ), ಗಡಿ ತೆರಿಗೆ ಎಂದು ಹಣ ಕೇಳಿದರೆ ಸುಳ್ಳು: 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗಲೇ ಅವು ಹೋದವು. ಸರಕು ಸಾಗಣೆಯ ಜಿ.ಎಸ್.ಟಿ. ದಾಖಲೆಯಾದ ಇ-ವೇ ಬಿಲ್ಲಿನ ಹೆಸರಿನಲ್ಲಿ ಕೇಳಿದರೂ ಹಾಗೆಯೇ. ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಇ-ವೇ ಬಿಲ್ಲಿನಿಂದ ವಿನಾಯಿತಿ ಇದೆ. ಟೋಲ್, ಎರಡೂ ಊರುಗಳ ಪ್ರವೇಶ ನಿಷೇಧದ ಹೊತ್ತಿನಲ್ಲಿ ಸಣ್ಣ ಟೆಂಪೊಗೆ ದಾಟಿಸುವ ಖರ್ಚು, ಮಹಡಿ ಹತ್ತಿಸುವ ಕೂಲಿ ಇವೆಲ್ಲ ದರದೊಳಗೇ ಇವೆ ಎಂದು ಬರೆಸಿಕೊಳ್ಳಿ.

ವಿಮೆಯ ವಿಷಯದಲ್ಲಿ ಕಿವಿ ನೆಟ್ಟಗಿರಲಿ. ಸಾಮಾನಿನ ಮೌಲ್ಯದ ಮೂರು ಪ್ರತಿಶತ ವಿಮೆಗೆಂದು ಕೇಳುತ್ತಾರೆ. ವಿಮಾ ಕಂಪನಿಯ ಹೆಸರು, ನಿಮ್ಮ ಹೆಸರಿನಲ್ಲಿರುವ ಪಾಲಿಸಿ ಸಂಖ್ಯೆ ಕೊಡದಿದ್ದರೆ ಅದು ವಿಮೆಯಲ್ಲ, ಅವರ ಜೇಬಿಗೆ ಹೋದ ಹಣ. 2007ರ ರಸ್ತೆ ಸಾಗಣೆ ಕಾಯ್ದೆಯಡಿ, ನೀವು ಮೌಲ್ಯ ಘೋಷಿಸದಿದ್ದರೆ ಸಾಗಣೆದಾರನ ಹೊಣೆಗೆ ಮಿತಿ ಇದೆ. ಆದ್ದರಿಂದ ಬಿಲ್ಟಿಯಲ್ಲಿ, ಅಂದರೆ ಸಾಗಣೆದಾರ ಕೊಡುವ ಸರಕಿನ ರಸೀದಿಯಲ್ಲಿ (ಎಲ್.ಆರ್.), ದುಬಾರಿ ವಸ್ತುಗಳ ಮೌಲ್ಯವನ್ನು ಒಂದೊಂದಾಗಿ ಬರೆಸಿ.

ಹಂತ 6: ಕಟ್ಟುವುದು

ಕಟ್ಟುವ ಕೆಲಸವನ್ನು ಪೂರ್ತಿ ಮೂವರ್ಸ್‌ಗೆ ಬಿಡುವುದೂ ಬೇಡ, ಪೂರ್ತಿ ನೀವೇ ಮಾಡುವುದೂ ಬೇಡ. ಬಟ್ಟೆ, ಪುಸ್ತಕ, ಸ್ಟೀಲ್ ಪಾತ್ರೆ ನಿಮ್ಮದು. ಫ್ರಿಜ್, ಟಿ.ವಿ., ಗಾಜು ಅವರದು. ಅವರು ಕಟ್ಟಿದ್ದು ಒಡೆದರೆ ಹೊಣೆ ಅವರದೇ, ನೀವು ಕಟ್ಟಿದ್ದು ಒಡೆದರೆ "ಒಳಗೆ ಏನಿತ್ತೋ ನಮಗೇನು ಗೊತ್ತು" ಎನ್ನುತ್ತಾರೆ.

ರಟ್ಟಿನ ಪೆಟ್ಟಿಗೆಗಳನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ದಿನಸಿ ಅಂಗಡಿ, ಔಷಧಿ ಅಂಗಡಿಗಳಲ್ಲಿ ಹದಿನೈದು ದಿನ ಮುಂಚೆ ಹೇಳಿಟ್ಟರೆ ಎತ್ತಿಟ್ಟು ಕೊಡುತ್ತಾರೆ. ಮದ್ಯದ ಅಂಗಡಿಯ ಪೆಟ್ಟಿಗೆಗಳು ಗಟ್ಟಿ, ಒಳಗೆ ರಟ್ಟಿನ ಖಾನೆಗಳಿರುವುದರಿಂದ ಗಾಜಿನ ಲೋಟ, ಉಪ್ಪಿನಕಾಯಿ ಭರಣಿಗಳಿಗೆ ಸೊಗಸು; ಅತ್ತೆಯವರ ಕಣ್ಣಿಗೆ ಬೀಳುವ ಮುನ್ನ ಮೇಲೊಂದು ಬಿಳಿ ಕಾಗದ ಅಂಟಿಸಿಬಿಡಿ. ಬಬಲ್ ರ‍್ಯಾಪ್‌ಗೆ ಬದಲು ಹಳೆ ಸೀರೆ, ಪಂಚೆ, ಟವೆಲ್‌ಗಳು: ಅವೂ ಹೋಗಬೇಕಾದ ಸಾಮಾನೇ. ತಟ್ಟೆಗಳನ್ನು ಮಲಗಿಸದೆ ನಿಲ್ಲಿಸಿ ಜೋಡಿಸಿ. ಕುಕ್ಕರಿನೊಳಗೆ ಮಸಾಲೆ ಡಬ್ಬಿ, ವಾಷಿಂಗ್ ಮಷಿನ್ನಿನ ಡ್ರಮ್ಮಿನಲ್ಲಿ ದಿಂಬು. ಖಾಲಿ ಜಾಗವನ್ನು ಖಾಲಿ ಬಿಡಬೇಡಿ. ಪುಸ್ತಕದ ಪೆಟ್ಟಿಗೆ ಚಿಕ್ಕದಿರಲಿ. ಒಬ್ಬ ಹಮಾಲಿ ಎತ್ತಲಾರದ ಪೆಟ್ಟಿಗೆ ಕೆಳಗೆ ಬೀಳುತ್ತದೆ.

ಪೆಟ್ಟಿಗೆಗಳಿಗೆ ಸಂಖ್ಯೆ ಹಾಕಿ, ಒಳಗೇನಿದೆ ಎಂಬ ಪಟ್ಟಿ ಮೊಬೈಲಿನಲ್ಲಿರಲಿ. ಪೆಟ್ಟಿಗೆಯ ಮೇಲೆ "ಬೆಳ್ಳಿ ಪಾತ್ರೆ" ಎಂದು ಬರೆದು ಕಳ್ಳರಿಗೆ ದಾರಿ ತೋರಿಸಬೇಡಿ. ಬೆಳ್ಳಿ, ಚಿನ್ನ, ಅಂಕಪಟ್ಟಿ, ಆಧಾರ್, ವಾಹನದ ಆರ್.ಸಿ., ಔಷಧಿ, ಲ್ಯಾಪ್‌ಟಾಪ್ ಇವು ನಿಮ್ಮೊಂದಿಗೇ ಪ್ರಯಾಣಿಸಬೇಕು.

ಯಂತ್ರಗಳಲ್ಲಿ ಎಚ್ಚರ. ಫ್ರಿಜ್ಜನ್ನು ಹಿಂದಿನ ದಿನವೇ ಬಂದ್ ಮಾಡಿ, ನೀರು ಇಳಿಸಿ, ಒರೆಸಿ. ನಿಲ್ಲಿಸಿಯೇ ಒಯ್ಯಬೇಕು, ಅಲ್ಲಿ ಮುಟ್ಟಿದ ಮೇಲೆ ಕೆಲವು ಗಂಟೆ ಬಿಟ್ಟು ಚಾಲೂ ಮಾಡಬೇಕು. ಮುಂಬಾಗಿಲಿನ ವಾಷಿಂಗ್ ಮಷಿನ್ ಬಂದಾಗ ಹಿಂದೆ ಉದ್ದನೆಯ ಸಾಗಣೆ ಬೋಲ್ಟ್‌ಗಳಿದ್ದವು, ನೆನಪಿದೆಯೇ? ಅವುಗಳನ್ನು ಮತ್ತೆ ಹಾಕದೆ ಸಾಗಿಸಿದರೆ 840 ಕಿಲೋಮೀಟರ್ ಉದ್ದಕ್ಕೂ ಡ್ರಮ್ ಓಲಾಡಿ ಒಳಗಿನ ಆಧಾರಗಳು ಹಾಳಾಗುತ್ತವೆ. ಕಳೆದುಹೋಗಿದ್ದರೆ ಸೇವಾ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಅಲ್ಲಿ ಯಂತ್ರ ಚಾಲೂ ಮಾಡುವ ಮುನ್ನ ಅವನ್ನು ತೆಗೆಯುವುದನ್ನೂ ಮರೆಯಬೇಡಿ. ಮಂಚದ ಸ್ಕ್ರೂಗಳನ್ನು ಒಂದು ಚೀಲಕ್ಕೆ ಹಾಕಿ ಮಂಚದ ಹಲಗೆಗೇ ಟೇಪಿನಿಂದ ಅಂಟಿಸಿ.

ಹಂತ 7: ಗ್ಯಾಸ್, ಬೈಕು, ಕಾಗದಪತ್ರ

ಗ್ಯಾಸ್ ಸಿಲಿಂಡರ್ ಲಾರಿಯಲ್ಲಿ ಹೋಗುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಮರಳಿಸಿ ಟರ್ಮಿನೇಷನ್ ವೋಚರ್, ಅಂದರೆ ಸಂಪರ್ಕ ಬಿಟ್ಟದ್ದಕ್ಕೆ ಚೀಟಿ, ಪಡೆಯಿರಿ. ಹಿಂದೆ ಕಟ್ಟಿದ ಠೇವಣಿ ವಾಪಸ್ ಬರುತ್ತದೆ. ಪುಣೆಯಲ್ಲಿ ಆ ವೋಚರ್ ತೋರಿಸಿದರೆ ಹೊಸ ಸಂಪರ್ಕ. ಆದರೆ ಅಲ್ಲಿ ಈಗಿನ ದರದ ಠೇವಣಿ ಕಟ್ಟಬೇಕು: 2022ರ ಜೂನ್‌ನಿಂದ 14.2 ಕೆ.ಜಿ. ಸಿಲಿಂಡರಿಗೆ ಅದು 2,200 ರೂಪಾಯಿ. ಮೊದಲ ಕೆಲವು ದಿನಗಳಿಗೆ ವಿಳಾಸದ ದಾಖಲೆ ಕೇಳದ 5 ಕೆ.ಜಿ. ಸಿಲಿಂಡರ್ ಅಥವಾ ಒಂದು ಇಂಡಕ್ಷನ್ ಒಲೆ ಸಾಕು.

ಬೈಕನ್ನು ರೈಲಿನಲ್ಲಿ ಕಳಿಸುವುದು ಸಾಮಾನ್ಯವಾಗಿ ಅಗ್ಗ. ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಇರಬೇಕು, ಆರ್.ಸಿ. ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಗೋಣಿ ಸುತ್ತಿ ಕಟ್ಟಿಸಬೇಕು. ನಿಮ್ಮ ಟಿಕೆಟಿನ ಮೇಲೆ ಲಗೇಜ್ ಆಗಿ ಹಾಕಿದರೆ ನಿಮ್ಮ ರೈಲಿನಲ್ಲೇ ಬರುವ ಸಾಧ್ಯತೆ ಹೆಚ್ಚು. ಪಾರ್ಸೆಲ್ ಆಗಿ ಹಾಕಿದರೆ ಅದಕ್ಕೆ ಜಾಗ ಸಿಕ್ಕಾಗ ಹೊರಡುತ್ತದೆ. ಪುಣೆಯಲ್ಲಿ ತಡಮಾಡದೆ ಬಿಡಿಸಿಕೊಳ್ಳಿ, ಇಲ್ಲವಾದರೆ ಗಂಟೆಗಳ ಲೆಕ್ಕದಲ್ಲಿ ದಂಡ ಬೀಳುತ್ತದೆ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ವಾಹನ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಅಲ್ಲಿನ ನೋಂದಣಿ ಪಡೆಯಬೇಕು. ಅದಕ್ಕೆ ಬೆಂಗಳೂರಿನ ಆರ್.ಟಿ.ಒ.ದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಹೊರಡುವ ಮುನ್ನ ಸಂಚಾರ ದಂಡಗಳನ್ನೆಲ್ಲ ಕಟ್ಟಿ ಮುಗಿಸಿ. ವರ್ಷದೊಳಗೆ ಮರಳುವ ಅಂದಾಜಿದ್ದರೆ ಈ ತಲೆನೋವಿಗೆ ಕೈ ಹಾಕಬೇಡಿ. ಹಳೆಯ ಸ್ಕೂಟರಾದರೆ ಮಾರಿ ಅಲ್ಲಿಯ ನೋಂದಣಿಯದನ್ನೇ ಕೊಳ್ಳುವುದು ಸುಲಭ.

ಪುಣೆಯ ಬಾಡಿಗೆ ವ್ಯವಹಾರ ಬೇರೆ ಥರ. ಅಡ್ವಾನ್ಸ್ ಬೆಂಗಳೂರಿಗಿಂತ ಕಡಿಮೆ, ಎರಡು ಮೂರು ತಿಂಗಳ ಬಾಡಿಗೆಯಷ್ಟು. ಆದರೆ ಅಲ್ಲಿನ ಬಾಡಿಗೆ ಕರಾರನ್ನು, ಅಂದರೆ ಲೀವ್ ಅಂಡ್ ಲೈಸೆನ್ಸ್ ಕರಾರನ್ನು, ನೋಂದಾಯಿಸುವುದು ಮಹಾರಾಷ್ಟ್ರದಲ್ಲಿ ಕಡ್ಡಾಯ. ಆ ನೋಂದಾಯಿತ ಕರಾರು ಕೈಗೆ ಬಂದರೆ ಗ್ಯಾಸ್, ಬ್ಯಾಂಕ್, ಆಧಾರ್ ವಿಳಾಸ ಎಲ್ಲಕ್ಕೂ ಅದೇ ಆಧಾರ. ಮತದಾರರ ಪಟ್ಟಿಯ ವರ್ಗಾವಣೆಗೆ ನಮೂನೆ 8. ಬೆಂಗಳೂರಿನ ಇಂಟರ್ನೆಟ್ ರೂಟರನ್ನು ಮರಳಿಸಿ ರಸೀದಿ ಪಡೆಯಿರಿ.

ಹಂತ 8: ಏರಿಸುವ ದಿನ, ಇಳಿಸುವ ದಿನ

ಪುಣೆಯ ಹೌಸಿಂಗ್ ಸೊಸೈಟಿಗೆ ಮೊದಲೇ ಫೋನ್ ಮಾಡಿ: ಸಾಮಾನು ಏರಿಸಲು ಯಾವ ಹೊತ್ತಿನಲ್ಲಿ ಬಿಡುತ್ತಾರೆ, ಭಾನುವಾರ ಬಿಡುತ್ತಾರೆಯೇ, ಲಿಫ್ಟ್ ಬಳಕೆಗೆ ಶುಲ್ಕ ಇದೆಯೇ, ಪೊಲೀಸ್ ಪರಿಶೀಲನೆಯ ಪತ್ರ ಮುಂಚೆಯೇ ಬೇಕೇ. ಲಾರಿ ಗೇಟಿನ ಹೊರಗೆ ರಾತ್ರಿ ಕಳೆದರೆ ಕಾಯುವ ಬಾಡಿಗೆ ನಿಮ್ಮ ತಲೆಗೆ.

ಏರಿಸುವಾಗ ಒಬ್ಬರು ಮನೆಯೊಳಗೆ, ಒಬ್ಬರು ಲಾರಿಯ ಬಳಿ ನಿಲ್ಲಿ. ಪೆಟ್ಟಿಗೆಯ ಸಂಖ್ಯೆ ಎಣಿಸಿ ಹತ್ತಿಸಿ, ಲಾರಿಯ ನಂಬರ್ ಫಲಕ ಮತ್ತು ಚಾಲಕರ ಫೋನ್ ನಂಬರ್ ಬರೆದುಕೊಳ್ಳಿ, ಬಿಲ್ಟಿಯ ಪ್ರತಿ ಕೈಗೆ ಬರದೆ ಲಾರಿ ಹೊರಡಲು ಬಿಡಬೇಡಿ. ಕೆಲಸಗಾರರಿಗೆ ಊಟ, ಮಜ್ಜಿಗೆ ಕೊಡಿ. ಎರಡು ಮಹಡಿ ಫ್ರಿಜ್ ಹೊತ್ತವರ ಕೈಗೆ ನೂರಿನ್ನೂರು ಹೆಚ್ಚು ಇಟ್ಟರೆ ಅದನ್ನು ಖರ್ಚು ಎಂದುಕೊಳ್ಳಬೇಕಿಲ್ಲ. ಲಾರಿಗಿಂತ ಮೊದಲು ತಲುಪಲು ನಿಮಗೆ ರಾತ್ರಿ ಬಸ್ಸೇ ಸಾಕು. ಒಂದು ಚೀಲದಲ್ಲಿ ಎರಡು ದಿನದ ಬಟ್ಟೆ, ಹೊದಿಕೆ, ಸ್ಕ್ರೂಡ್ರೈವರ್, ಬಲ್ಬು, ಕಾಫಿ ಫಿಲ್ಟರ್ ಇರಲಿ.

ಅಲ್ಲಿ ಇಳಿಸುವಾಗ ಅವಸರ ಅವರದು, ನಿಮ್ಮದಲ್ಲ. ಪಟ್ಟಿ ಹಿಡಿದು ಎಣಿಸಿ. ಟಿ.ವಿ., ಫ್ರಿಜ್, ಗಾಜಿನ ಪೆಟ್ಟಿಗೆಗಳನ್ನು ಅವರ ಎದುರಿಗೇ ಬಿಚ್ಚಿ ನೋಡಿ. ಒಡೆದದ್ದು, ಕಾಣೆಯಾದದ್ದು ಇದ್ದರೆ ಸಹಿ ಹಾಕುವ ಮುನ್ನ ಸಾಮಾನು ಮುಟ್ಟಿದ ರಸೀದಿಯ ಮೇಲೆಯೇ ಬರೆದು, ಫೋಟೊ ತೆಗೆದು, ಆಮೇಲೆ ಸಹಿ ಮಾಡಿ. ಅದೇ ದಿನ ಕಂಪನಿಗೆ ಇಮೇಲ್ ಕಳಿಸಿ. ಸಾಗಣೆದಾರರ ಮೇಲೆ ದಾವೆ ಹೂಡುವುದಾದರೆ ಸಾಮಾನು ಬುಕ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು ಎಂಬುದು ಕಾನೂನು. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ಈಗ ವಾಸವಿರುವ ಊರಿನಲ್ಲೇ, ಅಂದರೆ ಪುಣೆಯಲ್ಲೇ ದೂರು ದಾಖಲಿಸಬಹುದು, ಬೆಂಗಳೂರಿಗೆ ಓಡಾಡಬೇಕಿಲ್ಲ.